'ಸಿನಿಮಾ' ಸೀನ್ ಒತ್ತಿದರೆ ಬಚ್ಚಲಮನೆ ಕತ್ತಲಾಗುತ್ತದೆ: ದೀಪಗಳಿಗೆ ಸೀನ್, ಪ್ರೋಗ್ರಾಂ ನೀವೆಲ್ಲ ಹೇಗೆ ಜೋಡಿಸಿದ್ದೀರಿ?

ಮಿಣುಕುಹುಳ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಮನೆಯ ದೀಪಗಳನ್ನು ಒಂದೊಂದಾಗಿ ಆಟೊಮೇಷನ್‌ಗೆ ತರುತ್ತಿದ್ದೇನೆ. ಒಟ್ಟು 17 ದೀಪ, ಎಲ್ಲವೂ ಜಿಗ್‌ಬೀ (ದೀಪದಿಂದ ದೀಪಕ್ಕೆ ಸಂದೇಶ ದಾಟಿಸುವ ವೈರ್‌ಲೆಸ್ ಜಾಲ). ಎಲ್ಲದರ ಯಜಮಾನಿಕೆ ಹೋಮ್ ಅಸಿಸ್ಟೆಂಟ್ ಅನ್ನುವ ಮನೆ ಆಟೊಮೇಷನ್ ಸಾಫ್ಟ್‌ವೇರ್‌ನದು. ಫೋನಿನಲ್ಲಿ ಹಚ್ಚುವುದು, ಆರಿಸುವುದು, ಮಂದ ಮಾಡುವುದು ಇಷ್ಟರವರೆಗೆ ಎಲ್ಲ ಸಲೀಸಾಗಿತ್ತು. ಸೀನ್ (ಒಂದೇ ಬಟನ್‌ಗೆ ಹಲವು ದೀಪ ಬೇಕಾದ ಮಟ್ಟಕ್ಕೆ ಬರುವುದು), ಪ್ರೋಗ್ರಾಂ ('ಹೀಗಾದರೆ ಹೀಗೆ ಮಾಡು' ಅನ್ನುವ ಆಟೊಮೇಷನ್ ಸಾಲುಗಳು) ಅಂತ ಕೈಹಾಕಿದೆ ನೋಡಿ, ಮನೆಯವರ ಬೈಗುಳ ಶುರುವಾಯಿತು.

ಮೊದಲನೆಯದು, 'ಸಿನಿಮಾ' ಸೀನ್. ಹಾಲ್‌ನ ಮೇಲಿನ ದೀಪಗಳೆಲ್ಲ ಆರಬೇಕು, ಟೀವಿ ಹಿಂದಿನ ಎಲ್‌ಇಡಿ ಸ್ಟ್ರಿಪ್ ಮಾತ್ರ ಶೇ. 15ರಲ್ಲಿ ಉಳಿಯಬೇಕು. ಮೊನ್ನೆ ರಾತ್ರಿ ಬಟನ್ ಒತ್ತಿದ್ದೇ ತಡ, ಬಚ್ಚಲಮನೆಯಿಂದ ಅತ್ತೆಯವರ ಕೂಗು. ಅಲ್ಲಿನ ದೀಪವೂ ಆರಿಹೋಗಿತ್ತು.

ಎರಡನೆಯದು, ಪ್ಯಾಸೇಜ್. ರಾತ್ರಿ ಯಾರಾದರೂ ಎದ್ದು ನಡೆದರೆ ಮೋಷನ್ ಸೆನ್ಸರ್ ನೋಡಿ ಶೇ. 10 ಬೆಳಕು ಬರಬೇಕು, 5 ನಿಮಿಷ ಬಿಟ್ಟು ಆರಬೇಕು. ಬೆಳಕೇನೋ ಬರುತ್ತದೆ, ಆದರೆ ಮೊದಲು ಕ್ಯಾಮೆರಾ ಫ್ಲ್ಯಾಶ್ ಹೊಡೆದಂತೆ ಪೂರ್ತಿ ಬೆಳಗಿ ಆಮೇಲೆ ಮಂದವಾಗುತ್ತದೆ. ಇನ್ನೊಂದು, ಅಲ್ಲೇ ಓಡಾಡುತ್ತಿದ್ದರೂ ನಡುವೆ ಪುಸಕ್ ಅಂತ ಆರಿಹೋಗುತ್ತದೆ.

ಮೂರನೆಯದು, ಹಾಲ್‌ನ 8 ದೀಪಗಳು ಒಟ್ಟಿಗೆ ಹತ್ತುವುದೇ ಇಲ್ಲ. ಪಟಾಕಿ ಸರದ ಹಾಗೆ ಒಂದರ ಹಿಂದೊಂದು. ನೋಡಲು ಅಸಹ್ಯ.

ತಪ್ಪು ಎಲ್ಲಿದೆ ಹೇಳಿ, ಪುಣ್ಯ ಬರುತ್ತದೆ.

ಹಳೇಫ್ಯೂಸ್

ಸರ್, ಬಚ್ಚಲಮನೆಯ ಕಥೆ ನನಗೂ ಆಗಿದೆ. ನೀವು ಸೀನ್ ಮಾಡುವಾಗ 17 ದೀಪಗಳನ್ನೂ ಪಟ್ಟಿಗೆ ಸೇರಿಸಿದ್ದೀರಿ, ಅಲ್ವಾ? ಸೀನ್ ಅಂದರೆ ಗ್ರೂಪ್ ಫೋಟೊ ಇದ್ದ ಹಾಗೆ. ತೆಗೆಯುವ ಹೊತ್ತಿಗೆ ಚೌಕಟ್ಟಿನೊಳಗೆ ಯಾರು ಹೇಗೆ ನಿಂತಿದ್ದರೋ ಹಾಗೇ ಉಳಿಯುತ್ತಾರೆ. ಆಗ ಬಚ್ಚಲಿನ ದೀಪ ಆರಿತ್ತು, ಸೀನ್ ಅದನ್ನೇ ಬರೆದುಕೊಂಡಿತು. ಈಗ ಪ್ರತಿ ಸಲ ಒತ್ತಿದಾಗಲೂ ನಿಷ್ಠೆಯಿಂದ ಆರಿಸುತ್ತಿದೆ.

'ಈ ದೀಪ ಆರಿರಬೇಕು' ಅನ್ನುವುದೇ ಬೇರೆ, 'ಈ ದೀಪಕ್ಕೂ ನನಗೂ ಸಂಬಂಧವಿಲ್ಲ' ಅನ್ನುವುದೇ ಬೇರೆ. ದೊಡ್ಡ ಕಟ್ಟಡಗಳಲ್ಲಿ ದೀಪ ನಿಯಂತ್ರಣಕ್ಕೆ ಬಳಸುವ ಡಾಲಿ ಪದ್ಧತಿಯಲ್ಲಿ ಇದಕ್ಕೆ ಒಳ್ಳೆಯ ಏರ್ಪಾಡಿದೆ. ಒಂದು ಲೈನಿಗೆ 64 ವಿಳಾಸ, 16 ಗುಂಪು, 16 ಸೀನ್. ಹದಿನಾರೂ ಸೀನ್‌ಗಳಿಗೆ ಒಂದೊಂದು ಅಂಕೆಯನ್ನು ದೀಪದ ಡ್ರೈವರ್ (ದೀಪಕ್ಕೆ ಕರೆಂಟ್ ಕೊಡುವ ಭಾಗ) ತನ್ನೊಳಗೇ ಇಟ್ಟುಕೊಂಡಿರುತ್ತದೆ. 0 ಅಂದರೆ ಆಫ್, 1ರಿಂದ 254ರವರೆಗೆ ಬೆಳಕಿನ ಮಟ್ಟ, 255 ಅಂದರೆ 'ನಾನು ಈ ಆಟಕ್ಕಿಲ್ಲ, ಇದ್ದ ಹಾಗೇ ಇರುತ್ತೇನೆ'. ನಿಮ್ಮಲ್ಲಿ 255 ಇಲ್ಲ, ಹಾಗಾಗಿ ಸಂಬಂಧವಿಲ್ಲದ ದೀಪವನ್ನು ಪಟ್ಟಿಯಿಂದಲೇ ತೆಗೆದುಬಿಡಿ. 'ಸಿನಿಮಾ'ದಲ್ಲಿ ಹಾಲ್‌ನವು ಮಾತ್ರ ಇರಲಿ.

ಮಿಣುಕುಹುಳ

ಅಯ್ಯೋ, ಅದೇ ಆಗಿದೆ. 'ಎಲ್ಲವನ್ನೂ ಆರಿಸು' ಅಂತ ಟಿಕ್ ಹಾಕಿದ್ದೆ. ಈಗ ತೆಗೆದೆ, ಅತ್ತೆಯವರು ಸುರಕ್ಷಿತ. (ಸರ್ ಅಲ್ಲ, ಮೇಡಂ. ಇರಲಿ ಬಿಡಿ.)

ಇನ್ನೊಂದು ಪ್ರಶ್ನೆ: ಸಿನಿಮಾ ಮುಗಿದ ಮೇಲೆ ಸೀನ್ ಆಫ್ ಮಾಡುವುದು ಹೇಗೆ? ಆಫ್ ಬಟನ್ನೇ ಕಾಣುತ್ತಿಲ್ಲ.

ಹಳೇಫ್ಯೂಸ್

ಕ್ಷಮಿಸಿ ಮೇಡಂ.

ಹುಡುಕಬೇಡಿ, ಆಫ್ ಅನ್ನುವುದು ಇಲ್ಲವೇ ಇಲ್ಲ. ಹೋಮ್ ಅಸಿಸ್ಟೆಂಟ್‌ನಲ್ಲಿ ಸೀನ್‌ಗೆ ಆನ್ ಆಫ್ ಎಂಬ ಸ್ಥಿತಿಯಿಲ್ಲ. ಅದರ ಸ್ಟೇಟ್ ತೆಗೆದು ನೋಡಿ, ಕೊನೆಗೆ ಯಾವಾಗ ಒತ್ತಿದಿರಿ ಅನ್ನುವ ತಾರೀಕು, ಹೊತ್ತು ಮಾತ್ರ ಕಾಣುತ್ತದೆ. ದೀಪಗಳಿಗೆ ಅಪ್ಪಣೆ ಕೊಟ್ಟಾದ ಮೇಲೆ ಅದರ ಕೆಲಸ ಮುಗಿಯಿತು.

ಹಿಂದಿನ ಸ್ಥಿತಿಗೆ ಮರಳಬೇಕಾದರೆ 'ಸಿನಿಮಾ' ಒತ್ತುವ ಮುಂಚೆಯೇ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸ್ಕ್ರಿಪ್ಟ್‌ನ ಮೊದಲ ಹೆಜ್ಜೆಯಲ್ಲಿ 'ಸೀನ್ ಕ್ರಿಯೇಟ್' ಬಳಸಿ ಹಾಲ್ ದೀಪಗಳ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಿ, ಎರಡನೇ ಹೆಜ್ಜೆಯಲ್ಲಿ 'ಸಿನಿಮಾ' ಕರೆಯಿರಿ. ಮುಗಿದ ಮೇಲೆ ಆ ಸ್ನ್ಯಾಪ್‌ಶಾಟನ್ನು ಕರೆದರೆ ಆಯಿತು. ಆದರೆ ಈ ಸ್ನ್ಯಾಪ್‌ಶಾಟ್ ನೆನಪಿನಲ್ಲಿ ಮಾತ್ರ ಇರುತ್ತದೆ. ನಡುವೆ ಸಿಸ್ಟಂ ರೀಸ್ಟಾರ್ಟ್ ಆದರೆ ಹೋಯಿತು. ನಾನಂತೂ ಅದನ್ನು ಕೈಬಿಟ್ಟು 'ಸಂಜೆ' ಅಂತ ಒಂದು ಸಾದಾ ಸೀನ್ ಮಾಡಿಟ್ಟಿದ್ದೇನೆ. ಸಿನಿಮಾ ಮುಗಿದರೆ 'ಸಂಜೆ'. ಅದಕ್ಕಿಂತ ಜಾಣತನ ಬೇಕು ಅಂತ ಇವತ್ತಿನವರೆಗೆ ಅನ್ನಿಸಿಲ್ಲ.

ತಂತಿಪಾಡು

ಫ್ಲ್ಯಾಶ್ ಮತ್ತು ಪಟಾಕಿ ಸರದ ಬಗ್ಗೆ ನಾನು ಹೇಳುತ್ತೇನೆ.

ಫ್ಲ್ಯಾಶ್: ನಿಮ್ಮ ಪ್ರೋಗ್ರಾಂನಲ್ಲಿ ಮೊದಲು 'ಆನ್', ಅದರ ಕೆಳಗೆ 'ಬ್ರೈಟ್‌ನೆಸ್ 10' ಅಂತ ಎರಡು ಸಾಲು ಇರಬೇಕು. ಬರೀ ಆನ್ ಸಿಕ್ಕ ಬಲ್ಬ್ ತನ್ನ ಹಿಂದಿನ ಮಟ್ಟಕ್ಕೇ ಏಳುತ್ತದೆ. ಸಂಜೆ ನೂರರಲ್ಲಿ ಉರಿದಿದ್ದರೆ ನೂರಕ್ಕೇ. ಎರಡನೆಯ ಅಪ್ಪಣೆ ತಲುಪುವಷ್ಟರಲ್ಲಿ ನಿಮ್ಮ ನಿದ್ದೆ ಹಾರಿರುತ್ತದೆ. ಎರಡನ್ನೂ ಒಂದೇ ಸಾಲಿಗೆ ತನ್ನಿ: ಲೈಟ್ ಟರ್ನ್ ಆನ್, ಅದರೊಳಗೇ ಬ್ರೈಟ್‌ನೆಸ್ ಶೇ. 10. ಆಗ ಜಿಗ್‌ಬೀಯಲ್ಲಿ 'ಇಷ್ಟು ಮಟ್ಟಕ್ಕೆ ಹತ್ತು' ಅನ್ನುವ ಒಂದೇ ಸಂದೇಶ ಹೋಗುತ್ತದೆ.

ಆಮೇಲೂ ಒಂದು ಕ್ಷಣ ಬಿಳಿಯಾಗಿ ಹೊಳೆದು ಹಳದಿಗೆ ತಿರುಗಿದರೆ ಅದು ಬಣ್ಣದ ತಕರಾರು. ಆರಿರುವಾಗ ಬಣ್ಣದ ಅಪ್ಪಣೆಯನ್ನು ಎಷ್ಟೋ ಬಲ್ಬುಗಳು ಕಿವಿಗೇ ಹಾಕಿಕೊಳ್ಳುವುದಿಲ್ಲ. 'ಎಕ್ಸಿಕ್ಯೂಟ್ ಇಫ್ ಆಫ್' ಅನ್ನುವ ಆಯ್ಕೆ ನಿಮ್ಮ ಬಲ್ಬಿನಲ್ಲಿದ್ದರೆ ಹಾಕಿಡಿ. ಆಗ ರಾತ್ರಿ 10ಕ್ಕೆ ಆರಿರುವ ದೀಪಕ್ಕೇ '2200 ಕೆಲ್ವಿನ್' (ಬೆಚ್ಚಗಿನ ಹಳದಿ ಬಣ್ಣ) ಅಂತ ಹೇಳಿಡಬಹುದು, ಹತ್ತುವಾಗ ಅದೇ ಬಣ್ಣದಲ್ಲಿ ಹತ್ತುತ್ತದೆ. (ಕೆಲವು ಕಡೆ ಕೆಲ್ವಿನ್ ಬದಲು ಮೈರೆಡ್ ಅನ್ನುವ ಇನ್ನೊಂದು ಅಳತೆ ಕೇಳುತ್ತದೆ. 10 ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿ. 2700ಕ್ಕೆ 370, 2200ಕ್ಕೆ ಸುಮಾರು 455.)

ಪಟಾಕಿ ಸರ: 8 ದೀಪಕ್ಕೆ 8 ಬೇರೆ ಬೇರೆ ಸಂದೇಶ ಹೋಗುತ್ತಿದೆ. ಜಿಗ್‌ಬೀ ವೇಗ ಸೆಕೆಂಡಿಗೆ 250 ಕಿಲೋಬಿಟ್, ಅದೂ ಕಾಗದದ ಮೇಲೆ. ಒಂದೊಂದು ಸಂದೇಶವೂ ದೀಪದಿಂದ ದೀಪಕ್ಕೆ ಜಿಗಿಯುತ್ತಾ, ಉತ್ತರಕ್ಕೆ ಕಾಯುತ್ತಾ ಹೋಗಬೇಕು. ಈ ಎಂಟನ್ನೂ ಜಿಗ್‌ಬೀ ಗ್ರೂಪ್‌ಗೆ ಸೇರಿಸಿ. ಹೋಮ್ ಅಸಿಸ್ಟೆಂಟ್‌ನೊಳಗೆ ನಾವೇ ಮಾಡಿಕೊಳ್ಳುವ ಹೆಲ್ಪರ್ ಗ್ರೂಪ್ ಅಲ್ಲ, ಅದು ಒಳಗೊಳಗೆ ಮತ್ತೆ ಎಂಟು ಸಂದೇಶಗಳನ್ನೇ ಕಳಿಸುತ್ತದೆ. ಜಿಗ್‌ಬೀ ಕೋಆರ್ಡಿನೇಟರ್ (ಜಾಲವನ್ನು ನಡೆಸುವ ಮುಖ್ಯ ಸಾಧನ) ಮಟ್ಟದಲ್ಲೇ ಗ್ರೂಪ್ ಮಾಡಬೇಕು. ಆಗ ಸದಸ್ಯತ್ವ ಬಲ್ಬಿನೊಳಗೇ ಕೂರುತ್ತದೆ, ಒಂದೇ ಕೂಗಿಗೆ ಎಂಟೂ ಏಳುತ್ತವೆ.

ಹಾಗಂತ ಎಲ್ಲದಕ್ಕೂ ಗ್ರೂಪ್ ಹಾಕಿ ಸ್ಲೈಡರ್ ಎಳೆದಾಡಬೇಡಿ. ಗ್ರೂಪ್ ಸಂದೇಶ ಇಡೀ ಜಾಲದಲ್ಲಿ ಮರುದನಿಯಾಗುತ್ತದೆ. ಒಂದರ ಮೇಲೊಂದು ಸುರಿದರೆ ಜಾಲ ಉಸಿರು ಕಟ್ಟಿ ಕೂರುತ್ತದೆ.

ರಾತ್ರಿಪಾಳಿ

ಓಡಾಡುವಾಗ ಆರಿಹೋಗುವುದಕ್ಕೆ ಸುಲಭ ದಾರಿ: ಆಟೊಮೇಷನ್ ಮೋಡ್ 'ಪ್ಯಾರಲಲ್' ಮಾಡಿ. ನನಗೆ ಕೆಲಸ ಮಾಡಿದೆ.

ತಂತಿಪಾಡು

ಗುರು, ಅದು ಇನ್ನೂ ಕೆಡಿಸುತ್ತದೆ. ಮೇಡಂ ಪ್ರೋಗ್ರಾಂ ಹೀಗಿದೆ: ಚಲನೆ ಕಂಡರೆ ಹಚ್ಚು, 5 ನಿಮಿಷ ಕಾಯಿ, ಆರಿಸು. ಹಾಗೇ ಬಿಟ್ಟರೆ ಮೋಡ್ 'ಸಿಂಗಲ್' ಆಗಿರುತ್ತದೆ. ಮೊದಲ ಹೆಜ್ಜೆಗೆ ಎಣಿಕೆ ಶುರು. ನಡುವೆ ಎಷ್ಟು ಸಲ ಓಡಾಡಿದರೂ ಅದಕ್ಕೆ ಲೆಕ್ಕವಿಲ್ಲ, ಐದನೇ ನಿಮಿಷಕ್ಕೆ ಆರಿಸಿಬಿಡುತ್ತದೆ. ಪ್ಯಾರಲಲ್ ಮಾಡಿದರೆ ಪ್ರತಿ ಚಲನೆಗೂ ಬೇರೆ ಬೇರೆ ಎಣಿಕೆ ಓಡುತ್ತದೆ, ಆದರೂ ಮೊದಲು ಮುಗಿದ ಎಣಿಕೆಯೇ ದೀಪ ಆರಿಸುತ್ತದೆ. ಬೇಕಾಗಿರುವುದು 'ರೀಸ್ಟಾರ್ಟ್'. ಹೊಸ ಚಲನೆ ಕಂಡಾಗ ಹಳೆಯ ಎಣಿಕೆ ಬಿಟ್ಟು ಮೊದಲಿಂದ.

ರಾತ್ರಿಪಾಳಿ

ಓಹ್. ಅದಕ್ಕೇ ನಮ್ಮನೇಲಿ 'ಆರಿತು, ಕೈ ಬೀಸು, ಹತ್ತಿತು' ನಡೀತಾ ಇತ್ತಾ. ನಾನು ಸೆನ್ಸರ್‌ನ ಬೈಕೊಂಡು ಬ್ಯಾಟರಿ ಎರಡು ಸಲ ಬದಲಾಯಿಸಿದೆ.

ಗುಡುಗುಮಿಂಚು

ಈ 'ಕಾಯಿ' ಅನ್ನುವ ಸಾಲು ಎಲ್ಲ ಕಂಟ್ರೋಲರ್‌ಗಳಲ್ಲೂ ಒಂದು ಹೊಂಡ ಮಾರಾಯ್ರೇ. ನಾನು ಇನ್‌ಸ್ಟಿಯಾನ್ ಅನ್ನುವ ಹಳೇ ಸ್ಮಾರ್ಟ್ ಸ್ವಿಚ್ಚುಗಳನ್ನು ಐಎಸ್‌ವೈ ಅನ್ನುವ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಓಡಿಸುವವನು, ಆ ಕಾಲದ ಅನುಭವ ಹೇಳುತ್ತೇನೆ.

ಅದರಲ್ಲಿ ಪ್ರೋಗ್ರಾಂ ಅಂದರೆ ಇಫ್ (ಹೀಗಿದ್ದರೆ), ದೆನ್ (ಇದನ್ನು ಮಾಡು), ಎಲ್ಸ್ (ಇಲ್ಲದಿದ್ದರೆ ಅದನ್ನು ಮಾಡು). ನಾನು ಬರೆದದ್ದು: ಇಫ್‌ನಲ್ಲಿ 'ಸೆನ್ಸರ್ ಆನ್ ಆಗಿದೆ, ಮತ್ತು ಗಂಟೆ ರಾತ್ರಿ 10ರಿಂದ ಬೆಳಗ್ಗೆ 6ರೊಳಗೆ'. ದೆನ್‌ನಲ್ಲಿ 'ಸೀನ್ ಹಚ್ಚು, 5 ನಿಮಿಷ ಕಾಯಿ, ಸೀನ್ ಆರಿಸು'. ಎಲ್ಸ್ ಖಾಲಿ. ನೋಡಲು ಎಷ್ಟು ಸರಿಯಾಗಿದೆ ಅಲ್ವಾ? ಕೆಲವು ದಿನ ಬೆಳಗ್ಗೆ ಎದ್ದರೆ ದೀಪ ಉರಿಯುತ್ತಲೇ ಇರುತ್ತಿತ್ತು.

ಕಾರಣ ಹಿಡಿಯಲು ವಾರಗಟ್ಟಲೆ ಹಿಡಿಯಿತು. ಆ ಪೆಟ್ಟಿಗೆ 'ಕಾಯಿ' ಸಾಲಿನಲ್ಲಿ ನಿಂತಿರುವಾಗ ಇಫ್‌ನಲ್ಲಿರುವ ಯಾವುದಾದರೂ ಸಂಗತಿ ಬದಲಾದರೆ ಮತ್ತೆ ಇಫ್ ಕೇಳಿ ನೋಡುತ್ತದೆ. ಸುಳ್ಳಾಗಿದ್ದರೆ ಅರ್ಧಕ್ಕೆ ನಿಂತ ದೆನ್ ಬಿಟ್ಟು ಎಲ್ಸ್‌ಗೆ ಹಾರುತ್ತದೆ. ಸೆನ್ಸರ್ ಒಂದು ನಿಮಿಷಕ್ಕೆ ಆಫ್ ಆಯಿತೋ, ಇಫ್ ಸುಳ್ಳು. ಎಲ್ಸ್ ಖಾಲಿ. 'ಆರಿಸು' ಸಾಲಿಗೆ ಯಾರೂ ತಲುಪಲೇ ಇಲ್ಲ. 'ಸ್ಟೇಟಸ್' ಬದಲು 'ಕಂಟ್ರೋಲ್' ಬಳಸಿದೆ, ಅಂದರೆ ಆನ್ ಸಿಗ್ನಲ್ ಬಂದಾಗ ಮಾತ್ರ ಕೇಳು ಅಂತ. ಬಹಳಷ್ಟು ಸರಿಹೋಯಿತು. ಆದರೂ 5:58ಕ್ಕೆ ಯಾರಾದರೂ ಎದ್ದರೆ 6:00ಕ್ಕೆ ಸಮಯದ ಷರತ್ತು ಮುಗಿದು ಮತ್ತೆ ಅದೇ ಕಥೆ, ದೀಪ ಹಗಲಿಡೀ.

ಕೊನೆಗೆ ಪ್ರೋಗ್ರಾಂ ಎರಡು ಮಾಡಿದೆ. ಮೊದಲನೆಯದರಲ್ಲಿ ಷರತ್ತು ಮಾತ್ರ, ದೆನ್‌ನಲ್ಲಿ 'ಎರಡನೆಯದನ್ನು ಓಡಿಸು'. ಎರಡನೆಯದಕ್ಕೆ ಇಫ್ ಇಲ್ಲವೇ ಇಲ್ಲ, ಹಚ್ಚು-ಕಾಯಿ-ಆರಿಸು ಅಷ್ಟೇ. ಷರತ್ತೇ ಇಲ್ಲದ್ದನ್ನು ಯಾರು ತಡೆಯುತ್ತಾರೆ?

ಒಂದು ಮಾತು ಮಾತ್ರ ಆ ಹಳೇ ಪದ್ಧತಿಯ ಪರವಾಗಿ: ಅಲ್ಲಿ ಸೀನ್ ಸ್ವಿಚ್ಚಿನೊಳಗೇ ಇರುತ್ತದೆ. ಎಷ್ಟು ಮಟ್ಟ, ಎಷ್ಟು ನಿಧಾನ (0.1 ಸೆಕೆಂಡಿನಿಂದ 9 ನಿಮಿಷದವರೆಗೆ) ಎಲ್ಲ ಆಯಾ ಸ್ವಿಚ್ಚೇ ನೆನಪಿಟ್ಟುಕೊಳ್ಳುತ್ತದೆ, ಸೀನ್‌ಗೆ ಆಫ್ ಕೂಡ ಇದೆ. ಪೆಟ್ಟಿಗೆ ಸತ್ತರೂ ಗೋಡೆಯ ಬಟನ್ ಒತ್ತಿದರೆ ಸೀನ್ ಬರುತ್ತದೆ. ಪ್ರೋಗ್ರಾಂ ಮಾತ್ರ ಬರುವುದಿಲ್ಲ. ಅದಕ್ಕೇ ನಾನು ಸೀನ್‌ನಲ್ಲಿ ಮುಗಿಯುವುದನ್ನು ಪ್ರೋಗ್ರಾಂಗೆ ಕೊಡುವುದೇ ಇಲ್ಲ.

ಸ್ವಿಚ್ಚೇಸಾಕು

ಇಷ್ಟೆಲ್ಲ ಓದಿ ಸುಸ್ತಾಯಿತು. ಪ್ಯಾಸೇಜ್‌ನಲ್ಲಿ ಎರಡೂ ತುದಿಗೆ ಟೂ-ವೇ ಸ್ವಿಚ್ ಹಾಕಿ, ಹೋಗುವಾಗ ಒತ್ತಿ, ಬರುವಾಗ ಒತ್ತಿ. ನಮ್ಮ ಅಪ್ಪ ಹಾಕಿಸಿದ್ದು ಇಂದಿಗೂ ನಡೆಯುತ್ತಿದೆ, ಒಂದು ಸಲವೂ ಅಪ್‌ಡೇಟ್ ಕೇಳಿಲ್ಲ.

ತಮಾಷೆ ಬಿಡಿ, ಗಂಭೀರವಾಗಿಯೇ ಕೇಳುತ್ತೇನೆ: ನಾನು ಓದಲೆಂದು ಕೈಯಾರೆ ಪೂರ್ತಿ ಬೆಳಕು ಹಾಕಿಕೊಂಡಿರುತ್ತೇನೆ. ನಿಮ್ಮ ಸೆನ್ಸರ್ ನನ್ನನ್ನು ನೋಡಿ 'ಓಹೋ, ರಾತ್ರಿ' ಅಂತ ಶೇ. 10ಕ್ಕೆ ಇಳಿಸಿದರೆ? ಯಂತ್ರಕ್ಕೆ ನನ್ನ ಮಾತು ಮೀರುವ ಅಧಿಕಾರ ಕೊಟ್ಟವರಾರು?

ಹಳೇಫ್ಯೂಸ್

ಈ ಚರ್ಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ತೂಕದ್ದು ಇದೇ. ಕೈ ಗೆಲ್ಲಬೇಕು, ಪ್ರೋಗ್ರಾಂ ಸೋಲಬೇಕು. ಮನೆಯವರು ಆಟೊಮೇಷನ್ ಕಿತ್ತು ಬಿಸಾಕು ಅನ್ನುವುದು ದೀಪ ಹತ್ತದಿದ್ದಾಗ ಅಲ್ಲ, ತಾವು ಹಾಕಿದ್ದನ್ನು ಅದು ಬದಲಿಸಿದಾಗ.

ಕನಿಷ್ಠ ಮಾಡಬೇಕಾದ್ದು: ಪ್ರೋಗ್ರಾಂನಲ್ಲಿ 'ದೀಪ ಈಗ ಆರಿದ್ದರೆ ಮಾತ್ರ' ಅನ್ನುವ ಷರತ್ತು. ಉರಿಯುತ್ತಿರುವ ದೀಪದ ತಂಟೆಗೆ ಹೋಗಬಾರದು.

ಆದರೆ ಈ ಷರತ್ತನ್ನು ರೀಸ್ಟಾರ್ಟ್ ಮೋಡ್ ಜೊತೆ ಸೇರಿಸಿದರೆ ಒಂದು ಜಗಳ ಹುಟ್ಟುತ್ತದೆ. ಪ್ರೋಗ್ರಾಂ ತಾನೇ ಹಚ್ಚಿದ ದೀಪವೂ ಈಗ ಉರಿಯುತ್ತಿದೆ. ಎರಡನೇ ಚಲನೆಗೆ ಷರತ್ತು ದಾಟುವುದೇ ಇಲ್ಲ, ಎಣಿಕೆ ಮರುಶುರುವಾಗುವುದೂ ಇಲ್ಲ. ಅದಕ್ಕೆ 'ರಾತ್ರಿ ದೀಪ ನಾನೇ ಹಚ್ಚಿದ್ದು' ಅಂತ ಒಂದು ಗುರುತು ಬೇಕು. ಒಂದು ಟಾಗಲ್ ಹೆಲ್ಪರ್ (ಸಾಫ್ಟ್‌ವೇರ್‌ನೊಳಗಿನ ಆನ್-ಆಫ್ ಗುರುತು) ಇಟ್ಟುಕೊಳ್ಳಿ. ಪ್ರೋಗ್ರಾಂ ಹಚ್ಚಿದಾಗ ಅದು ಆನ್. ಷರತ್ತು ಈಗ 'ದೀಪ ಆರಿದೆ, ಅಥವಾ ಗುರುತು ಆನ್ ಇದೆ'. ದೀಪ ಹೇಗೇ ಆರಲಿ, ಗುರುತೂ ಆಫ್ ಆಗಬೇಕು. ಯಾರಾದರೂ ಕೈಯಿಂದ ಮಟ್ಟ ಬದಲಿಸಿದರೂ ಗುರುತು ಆಫ್, ಓಡುತ್ತಿರುವ ಎಣಿಕೆಯೂ ರದ್ದು. ಅಲ್ಲಿಂದ ಮುಂದೆ ಆ ದೀಪ ಅವರದು.

ಕೈಯಿಂದಲೋ ಪ್ರೋಗ್ರಾಂನಿಂದಲೋ ಅಂತ ಗೊತ್ತಾಗುವುದು ಹೇಗೆ ಅಂದರೆ, ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆಗೂ ಒಂದು 'ಕಾಂಟೆಕ್ಸ್ಟ್' ಬರುತ್ತದೆ. ಆ್ಯಪ್‌ನಿಂದ ಒತ್ತಿದರೆ ಅದರಲ್ಲಿ ಯೂಸರ್ ಐಡಿ ಇರುತ್ತದೆ. ಆಟೊಮೇಷನ್ ಮಾಡಿದ್ದರೆ ಪೇರೆಂಟ್ ಐಡಿ ಇರುತ್ತದೆ. ಎರಡೂ ಖಾಲಿ ಇದ್ದರೆ ಬದಲಾವಣೆ ಸಾಧನದ ಕಡೆಯಿಂದಲೇ ಬಂದಿದೆ, ಅಂದರೆ ಸಾಮಾನ್ಯವಾಗಿ ಗೋಡೆಯ ಬಟನ್. ಒಂದೇ ಕಿರಿಕಿರಿ: ಬಲ್ಬ್ ನಿಧಾನವಾಗಿ ಮಂದವಾಗುತ್ತಾ ನಡುನಡುವೆ ತನ್ನ ಮಟ್ಟ ವರದಿ ಮಾಡುತ್ತದಲ್ಲ, ಅದೂ ಒಮ್ಮೊಮ್ಮೆ 'ಕೈ' ಅಂತ ಕಾಣುತ್ತದೆ. ಹಚ್ಚಿದ ಮೇಲೆ ಮೂರ್ನಾಲ್ಕು ಸೆಕೆಂಡಿನ ವರದಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸ್ವಿಚ್ಚೇಸಾಕು

ಒಪ್ಪಿದೆ. ಆದರೂ ಟೂ-ವೇ ಸ್ವಿಚ್ಚೇ ಮೇಲು.

ತಂತಿಪಾಡು

ಸ್ಮಾರ್ಟ್ ಬಲ್ಬ್ ಹಾಕಿರುವ ಕಡೆ ಆ ಟೂ-ವೇ ಸ್ವಿಚ್ಚೇ ಶತ್ರು. ಯಾರೋ ಅಭ್ಯಾಸಬಲದಿಂದ ಗೋಡೆಯಲ್ಲಿ ಆಫ್ ಮಾಡಿದರೆ ಬಲ್ಬಿಗೆ ಕರೆಂಟೇ ಇಲ್ಲ, ಯಾವ ಸೀನ್ ಕೂಗಿದರೂ ಕೇಳಿಸದು. ಜೊತೆಗೆ ಅದರ ಮೂಲಕ ಸಂದೇಶ ಸಾಗಿಸುತ್ತಿದ್ದ ಪಕ್ಕದ ಕೋಣೆಯ ದೀಪವೂ ತಡವರಿಸುತ್ತದೆ. ಸ್ಮಾರ್ಟ್ ಬಲ್ಬ್ ಇದ್ದರೆ ಗೋಡೆಯಲ್ಲಿ ವೈರ್‌ಲೆಸ್ ಬಟನ್. ಸಾದಾ ಬಲ್ಬ್ ಇದ್ದರೆ ಸ್ಮಾರ್ಟ್ ಸ್ವಿಚ್, ಅದಕ್ಕೆ ಬಾಕ್ಸ್‌ನಲ್ಲಿ ನ್ಯೂಟ್ರಲ್ ತಂತಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ನೋಡಿಸಿ. ಎರಡನ್ನೂ ಬೆರೆಸಿದರೆ ದಿನಾ ಜಗಳ.

ರಾತ್ರಿಪಾಳಿ

ನನ್ನದೊಂದು ಬಾಲಂಗೋಚಿ ಪ್ರಶ್ನೆ. ಶೇ. 10 ಇಟ್ಟರೂ ನನಗೆ ಬೆಳಕು ಜಾಸ್ತಿ ಅನ್ನಿಸುತ್ತದೆ. ಬಲ್ಬ್ ಸುಳ್ಳು ಹೇಳುತ್ತಿದೆಯಾ?

ಹಳೇಫ್ಯೂಸ್

ಸುಳ್ಳು ಹೇಳುತ್ತಿರುವುದು ಕಣ್ಣು. ಮೀಟರ್ ಶೇ. 10 ಅಂದ ಬೆಳಕು ಕಣ್ಣಿಗೆ ಸುಮಾರು ಶೇ. 32ರಂತೆ ಕಾಣುತ್ತದೆ. 0.1ರ ವರ್ಗಮೂಲ ತೆಗೆದು ನೋಡಿ, ದೀಪದವರು ಬಳಸುವ ಅಂದಾಜು ಅದೇ. ಅದಕ್ಕೇ ಡಾಲಿಯಲ್ಲಿ ಅಂಕೆಗಳನ್ನು ಕಣ್ಣಿಗೆ ತಕ್ಕಂತೆ ಬಾಗಿಸಿದ್ದಾರೆ: 254 ಪೂರ್ತಿ, 170 ಅಂದರೆ ಶೇ. 10, 85 ಅಂದರೆ ಶೇ. 1. ನಿಮ್ಮ ಬಲ್ಬ್ ನೇರ ಲೆಕ್ಕದ್ದಾಗಿದ್ದರೆ ರಾತ್ರಿಗೆ ಶೇ. 1 ಅಥವಾ 2 ಇಟ್ಟು ನೋಡಿ. ಬೆಳಗಿನ ಜಾವ ನಿಧಾನ ಏರಿಸುವವರಿಗೂ ಇದೇ ತೊಡಕು. 1ರಿಂದ 2ಕ್ಕೆ ಏರಿದರೆ ಬೆಳಕು ಒಮ್ಮೆಲೇ ಇಮ್ಮಡಿ, ಮಲಗಿದಲ್ಲಿಂದಲೇ ಆ ಮೆಟ್ಟಿಲು ಕಾಣುತ್ತದೆ. 80ರಿಂದ 81 ಯಾರಿಗೂ ಕಾಣದು.

ಮಿಣುಕುಹುಳ

ಎರಡು ವಾರ ಬಿಟ್ಟು ವರದಿ ಒಪ್ಪಿಸುತ್ತಿದ್ದೇನೆ.

ಹಾಲ್‌ಗೆ ಜಿಗ್‌ಬೀ ಗ್ರೂಪ್ ಮಾಡಿದೆ, ಎಂಟೂ ಒಟ್ಟಿಗೆ ಹತ್ತುತ್ತವೆ. ಮೊದಲ ಸಲ ನೋಡಿದಾಗ ಮಗಳು ಚಪ್ಪಾಳೆ ತಟ್ಟಿದಳು. ಪ್ಯಾಸೇಜ್ ಈಗ ಶೇ. 2, 2200 ಕೆಲ್ವಿನ್, ಒಂದೇ ಸಾಲಿನ ಅಪ್ಪಣೆ, ರೀಸ್ಟಾರ್ಟ್ ಮೋಡ್, ಗುರುತಿನ ಟಾಗಲ್. ಫ್ಲ್ಯಾಶ್ ಹೋಯಿತು.

ಸಂಜೆ ದೀಪಕ್ಕೆ 6:30 ಅಂತ ಗಡಿಯಾರದ ಹೊತ್ತು ಹಾಕಿದ್ದನ್ನು ತೆಗೆದು ಸೂರ್ಯನ ಎತ್ತರ ನೋಡುವಂತೆ ಮಾಡಿದೆ. ಲಕ್ಸ್ ಸೆನ್ಸರ್ (ಬೆಳಕಿನ ಪ್ರಮಾಣ ಅಳೆಯುವುದು) ಕೂಡ ಒಂದು ಸಂಜೆ ಪ್ರಯತ್ನಿಸಿದೆ. ಕತ್ತಲಾಯಿತು ಅಂತ ದೀಪ ಹಚ್ಚಿತು, ಆ ದೀಪದ ಬೆಳಕನ್ನೇ ನೋಡಿ ಬೆಳಗಾಯಿತು ಅಂತ ಆರಿಸಿತು, ಮತ್ತೆ ಹಚ್ಚಿತು. ಡಿಸ್ಕೋ. ಹಚ್ಚಲು 40 ಲಕ್ಸ್, ಆರಿಸಲು 200 ಅಂತ ನಡುವೆ ಅಂತರ ಬಿಟ್ಟ ಮೇಲೆ ಸುಮ್ಮನಾಯಿತು.

ಉಳಿದಿರುವುದು ಒಂದೇ. ಮೊನ್ನೆ ರಾತ್ರಿ 3ಕ್ಕೆ ಕರೆಂಟ್ ಹೋಗಿ ಬಂತು. ಹದಿನೇಳೂ ದೀಪ ಪೂರ್ತಿ ಬೆಳಕಿನಲ್ಲಿ ಎದ್ದು ನಿಂತವು. ಮದುವೆ ಮನೆ ಥರ.

ತಂತಿಪಾಡು

ಬಲ್ಬಿನ ಸೆಟ್ಟಿಂಗ್‌ನಲ್ಲಿ 'ಪವರ್-ಆನ್ ಬಿಹೇವಿಯರ್' ಇರುತ್ತದೆ, 'ಪ್ರೀವಿಯಸ್' ಮಾಡಿ. ಕರೆಂಟ್ ಬಂದಾಗ ಹಿಂದೆ ಹೇಗಿತ್ತೋ ಹಾಗೇ ಇರುತ್ತದೆ. ಇದನ್ನು ಪ್ರೋಗ್ರಾಂನಲ್ಲಿ ಸರಿಪಡಿಸುತ್ತೇನೆ ಅಂತ ಹೊರಡಬೇಡಿ. ಎರಡು ಸೆಕೆಂಡ್ ಕರೆಂಟ್ ಹೋಗಿ ಬಂದರೆ ಬಲ್ಬ್ ಹೋಗಿತ್ತು ಅನ್ನುವುದೇ ಕಂಟ್ರೋಲರ್‌ಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಕಂಟ್ರೋಲರ್ ಕೂಡ ಕರೆಂಟಿನ ಜೊತೆ ಹೋಗಿ ಬಂದಿದ್ದರೆ ಇನ್ನೊಂದು ನೋಡಿಕೊಳ್ಳಿ. 'ಕಾಯಿ' ಸಾಲಿನಲ್ಲಿದ್ದ ಎಣಿಕೆಗಳೆಲ್ಲ ರೀಸ್ಟಾರ್ಟ್‌ಗೆ ಅಳಿಸಿಹೋಗುತ್ತವೆ. ಕಾಯುವ ಸಾಲಿನ ಬದಲು ಟೈಮರ್ ಹೆಲ್ಪರ್ ಇಟ್ಟು ಅದರ 'ರಿಸ್ಟೋರ್' ಆನ್ ಮಾಡಿದರೆ ಎದ್ದ ಮೇಲೂ ಲೆಕ್ಕ ನೆನಪಿರುತ್ತದೆ.

ಮಿಣುಕುಹುಳ

ಟೈಮರ್ ಹಾಕಿದೆ. ಬಲ್ಬುಗಳಲ್ಲಿ 15ಕ್ಕೆ ಆ ಸೆಟ್ಟಿಂಗ್ ಸಿಕ್ಕಿತು, ಹಾಕಿಯಾಯಿತು. ಉಳಿದ ಎರಡರಲ್ಲಿ ಆ ಆಯ್ಕೆಯೇ ಇಲ್ಲ, ಆ ಬಲ್ಬುಗಳು ಇದ್ದದ್ದೂ ಸರಿಯಾಗಿ ಅತ್ತೆಯವರ ಕೋಣೆಯಲ್ಲಿ. ಅವೆರಡನ್ನೂ ನಿನ್ನೆಯೇ ಸ್ಟೋರ್ ರೂಮಿಗೆ ಎತ್ತಂಗಡಿ ಮಾಡಿದ್ದೇನೆ.